ಮೂರು ಸಲ ಕರೆದಿರಿ

ಚಿಂಚಲಿ, ತಾಲೂಕು ರಾಯಬಾಗ
೧೪-೧೨-೧೯೮೭, ಸೋಮವಾರ

ನಮ್ಮ ಮನೆಯವರಿಗೆ,

ತಾರವ್ವಳ ನಮಸ್ಕಾರಗಳು. ನಿಮ್ಮ ಕೆಮ್ಮು ಹೇಗಿದೆ? ಕಬ್ಬಿನ ಹೊಲದ ಮಂಜಿನಲ್ಲಿ ಮಲಗಿ ಎದ್ದರೆ ನಿಮ್ಮ ಎದೆ ಕಟ್ಟುವುದು ಪ್ರತಿ ವರ್ಷದ ಕಥೆ, ಪ್ರತಿ ವರ್ಷವೂ ನೀವು ಏನೂ ಆಗಿಲ್ಲ ಅನ್ನುವವರೇ. ಕಾಕಾಸಾಹೇಬರ ಮನೆಯಲ್ಲಿ ಬಿಸಿನೀರು ಕೊಡುತ್ತಾರೆಯೇ? ಕೊಡದಿದ್ದರೆ ನಾಚಿಕೆ ಬಿಟ್ಟು ಕೇಳಿ. ಇಡೀ ಕುರಿಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಪುಕ್ಕಟೆ ಗೊಬ್ಬರ ಮಾಡಿಸಿಕೊಂಡವರಿಗೆ ಒಂದು ತಂಬಿಗೆ ನೀರು ಕಾಯಿಸುವುದು ಭಾರವಾಗಲಾರದು. ಮೈದುನ ಸತ್ಯಪ್ಪನ ಹಿಮ್ಮಡಿ ಒಡೆದದ್ದು ಮಾಯಿತೇ? ಅವನಿಗೆ ಮೇಣ ಕಾಸಿ ಹಚ್ಚಿಕೊಳ್ಳಲು ಹೇಳಿ. ಗಬ್ಬದ ಕುರಿಗಳೆಲ್ಲ ಸುಖವಾಗಿವೆಯೇ? ಇಲ್ಲಿ ಅತ್ತೆಯವರು, ನಾನು, ನೀವು ಬಿಟ್ಟುಹೋದ ಎಂಟು ಮರಿ, ಕುಂಟು ಆಡು, ಎಲ್ಲರೂ ಆರಾಮ ಇದ್ದೇವೆ. ಅತ್ತೆಯವರ ಮೊಣಕಾಲು ನೋವು ಮೊದಲಿನಂತೆಯೇ ಇದೆ, ಆದರೆ ಬಾಯಿ ಮಾತ್ರ ಇಪ್ಪತ್ತು ವರ್ಷದವರದ್ದು.

ಅವರು ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಪ್ರತಿ ಸಾಲು ಬರೆದ ಮೇಲೂ ಓದಿ ಹೇಳು ಅನ್ನುತ್ತಾರೆ. ಬಾಯಿಯ ಮಾತು ಓದಿ ಹೇಳಿದ್ದಕ್ಕೆ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು, ಆಮೇಲೆ ಅವರೇ ನಕ್ಕರು. ನಾನು ಏಳನೇ ಈಯತ್ತೆ ಓದಿದ್ದು ಇವರಿಗೆ ಓದಿ ಹೇಳಲಿಕ್ಕೇ ಇರಬೇಕು. ನೀವಿರುವ ಕಡೆ ಎಲ್ಲರೂ ಮರಾಠಿಯವರು, ಪತ್ರವನ್ನು ನೀವೇ ಓದಿಕೊಳ್ಳಬೇಕು. ಅಕ್ಷರ ಕೂಡಿಸಿಕೊಂಡು ನಿಧಾನ ಓದಿ, ಅರ್ಧಕ್ಕೆ ಬಿಟ್ಟು ಕಂಬಳಿಯ ಕೆಳಗೆ ಇಡಬೇಡಿ. ಕೊನೆಯ ಸಾಲಿನವರೆಗೆ ಓದಿ.

ಈ ಪತ್ರ ಪೈಲ್ವಾನನ ಸಲುವಾಗಿ. ಅದರ ಹೆಸರು ಕೇಳಿದ ಕೂಡಲೆ ನಿಮ್ಮ ಮುಖ ಗಂಟಾಗುತ್ತದೆ, ಗೊತ್ತಿದೆ. ದಸರೆಯ ಮುಂದೆ ನಸುಕಿನಲ್ಲಿ ತೋಳ ಹಟ್ಟಿಗೆ ನುಗ್ಗಿ ಮೂರು ಮರಿ ಒಯ್ದಾಗ, ಹತ್ತು ಮಾರು ದೂರದಲ್ಲಿ ಪೈಲ್ವಾನ ಮಲಗಿಯೇ ಇತ್ತು. ಬೊಗಳಲಿಲ್ಲ, ತಲೆ ಎತ್ತಲಿಲ್ಲ. ನೀವು ಕೋಲು ಹಿಡಿದು ಓಡಿ ಬಂದದ್ದು ಕಂಡ ಮೇಲೆ ಬಾಲ ಮುದುಡಿಕೊಂಡು ಬಣವೆಯ ಹಿಂದೆ ಸೇರಿತು. ಊರವರೆಲ್ಲ ನಿಂತು ನೋಡುವಾಗ ನೀವು ಅದಕ್ಕೆ ಹೇಡಿ ಅಂದಿರಿ. ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಹೊರಟ ದಿನ, ಎಷ್ಟಾದರೂ ನಿಮ್ಮ ಕೈಯಲ್ಲಿ ಬೆಳೆದದ್ದಲ್ಲವೇ, ಊರ ಬಾಗಿಲ ಅಗಸಿಯ ಹತ್ತಿರ ನಿಂತು ಅದನ್ನು ಕರೆದಿರಿ. ಅದು ಬೇವಿನ ಗಿಡದ ಬುಡದಲ್ಲಿ ನಿಮ್ಮ ಕಡೆಗೆ ಬೆನ್ನು ಮಾಡಿ ಮಲಗಿತ್ತು, ಏಳಲಿಲ್ಲ. ಆಗ ನೀವು ಅತ್ತೆಯವರಿಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಮೂರು ಸಲಾ ಕರದೆ ನೋಡವ್ವಾ, ಮಕಾ ಸೈತ ತಿರುಗಸಲಿಲ್ಲ. ಅದಕ್ಕ ನಾ ಬ್ಯಾಡಾಗೇನಿ. ಇನ್ನ ನನಗೂ ಅದು ಬ್ಯಾಡ." ಹಾಗೆ ಅಂದವರು ದಾರಿಯಲ್ಲಿ ಐನಾಪುರದ ರಾವಸಾಹೇಬರಿಗೆ ಮಾತೂ ಕೊಟ್ಟಿರಿ, ನಾಯಿ ನಿಮ್ಮ ದ್ರಾಕ್ಷಿ ತೋಟಕ್ಕೆ ಒಯ್ಯಿರಿ ಎಂದು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಯಾಕೆಂದರೆ ನಾನು ಈ ಮನೆಗೆ ಬಂದ ವರ್ಷವೇ ಅದೂ ಬಂತು. ತಾಯಿ ಸತ್ತ ಅಂಗೈಯಷ್ಟು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿರಿ. ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಅದರ ಬಾಯಿಗೆ ಹಿಂಡುತ್ತ, "ಕುಡಿಯೋ ಪೈಲ್ವಾನಾ, ಕುಡಿ" ಅನ್ನುತ್ತಿದ್ದಿರಿ. ಹೊಸ ಹೆಂಡತಿ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಾಳೆ, ಈ ಮನುಷ್ಯ ನಾಯಿಮರಿಯ ಸಂಗಡ ಮಾತಾಡುತ್ತಾನಲ್ಲ ಎಂದು ಆಗಲೂ ಸಿಟ್ಟು ಬಂದಿತ್ತು. ಆಮೇಲೆ ಅನ್ನಿಸಿತು, ನಾಯಿಮರಿಗೆ ಇಷ್ಟು ಮಾಡುವವನು ನನ್ನನ್ನು ಉಪವಾಸ ಕೆಡವಲಾರ ಎಂದು. ನನಗೆ ನಿಮ್ಮ ಮೇಲೆ ಧೈರ್ಯ ಬಂದದ್ದು ಆ ನಾಯಿಯಿಂದ.

ರಾವಸಾಹೇಬರು ಹೋದ ವಾರ ಆಳಿನ ಕೈಯಲ್ಲಿ ಹೇಳಿಕಳಿಸಿದರು. ನಾಯಿ ದೊಡ್ಡದಿದೆ, ನೋಡಲಿಕ್ಕೆ ಚೆನ್ನಾಗಿದೆ, ಆದರೆ ಯಾವ ರೋಗವೂ ಇಲ್ಲವೆಂದು ಡಾಕ್ಟರ ಚೀಟಿ ಬೇಕಂತೆ. ಅವರ ತೋಟದಲ್ಲಿ ಹಿಂದಿನ ನಾಯಿ ಹುಚ್ಚು ಹಿಡಿದು ಸತ್ತಿತ್ತಂತೆ, ಅಂಜಿಕೆ ಸಹಜ. ಇನ್ನು ಪೈಲ್ವಾನನ ಅಂಜಿಕೆಯನ್ನು ಏನು ಹೇಳಲಿ? ನೀವು ಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ಹಿಂದಿನಿಂದ ಕೋಳಿ ಬಂದು ಎದುರಿಗೆ ಹಾಯ್ದರೆ ಜಿಗಿಯುತ್ತಿತ್ತು. ಹಗ್ಗದ ಮೇಲಿನ ಸೀರೆ ಅಲುಗಾಡಿದರೆ ಒಲೆಯ ಹತ್ತಿರ ಓಡಿ ಬರುತ್ತಿತ್ತು. ಬೆನ್ನು ಮುಟ್ಟಿದರಂತೂ ಚೀರಿಯೇ ಬಿಡುತ್ತಿತ್ತು. ಎಮ್ಮೆಯ ಕರುವಿನಷ್ಟು ಮೈ, ಗುಬ್ಬಿಯಷ್ಟು ಜೀವ. ಆದರೆ ದೀಪಾವಳಿಯ ದಿನ ಬಾಗಿಲ ಮುಂದೆ ಹುಡುಗರು ಆಟಂಬಾಂಬ್ ಹಚ್ಚಿದಾಗ ಕುಂಟು ಆಡು ಗೂಟ ಕಿತ್ತುಕೊಂಡು ಓಡಿತು, ಇದು ನಿದ್ದೆಯಲ್ಲೇ ಇತ್ತು. ಇದೇನು ಪುಕ್ಕಲೋ ಗಟ್ಟಿಗನೋ ಎಂದು ನಾನು ಅವತ್ತೇ ತಲೆ ಕೆರೆದುಕೊಂಡಿದ್ದೆ. ಅಲ್ಲಿಗೇ ಬಿಟ್ಟೆ. ಸ್ವಲ್ಪ ಮುಂದಕ್ಕೆ ಯೋಚನೆ ಮಾಡಿದ್ದರೆ ಆಗುತ್ತಿತ್ತು.

ರಾಯಬಾಗದ ಡಾಕ್ಟರು ದನಗಳಿಗೆ ಸೂಜಿ ಹಾಕಲು ಹಳ್ಳಿಗಳಿಗೆ ಹೋಗಿದ್ದರಿಂದ ಗುರುವಾರ ಚಿಕ್ಕೋಡಿಗೇ ಹೊರಟೆವು. ಬಸ್ಸಿನ ಕಂಡಕ್ಟರ್ ಪೈಲ್ವಾನನನ್ನು ನೋಡಿ ಸೀಟಿ ಊದಿ ಬಾಗಿಲು ಹಾಕಿಕೊಂಡ. ಕೊನೆಗೆ ಬದನೆಕಾಯಿ ಒಯ್ಯುವ ನಮ್ಮ ಓಣಿಯ ಬಾಳಾಸಾಬನ ಟೆಂಪೊದಲ್ಲಿ ಜಾಗ ಸಿಕ್ಕಿತು. "ವೈನಿ, ಇದ ನಾಯೇನ ಕರಡೀನ? ನನ್ನ ಮಾಲ ತಿಂದ್ರ ಯಾರ ಜವಾಬ್ದಾರಿ?" ಅಂದ. ಬದನೆಕಾಯಿ ತಿನ್ನುವ ನಾಯಿ ಎಲ್ಲಾದರೂ ಉಂಟೇ? ತಿನ್ನಲಿಲ್ಲ, ಆದರೆ ಟೆಂಪೊ ಅಲುಗಾಡಿದ ಕೂಡಲೆ ಬುಟ್ಟಿಗಳ ನಡುವೆ ತೂರಿಕೊಂಡು ನಾಲ್ಕೂ ಕಾಲಿನಲ್ಲಿ ಎರಡು ಬುಟ್ಟಿ ತಬ್ಬಿಕೊಂಡಿತು. ಚಿಕ್ಕೋಡಿ ಬರುವವರೆಗೆ ಬಿಡಲಿಲ್ಲ. ನಾನು ಒಂದು ಕಡೆ, ಅತ್ತೆಯವರು ಒಂದು ಕಡೆ, ನಡುವೆ ಅದರ ತಲೆ. ಅದರ ಮೈ ನಡುಗುವುದು ನನ್ನ ತೊಡೆಗೆ ತಿಳಿಯುತ್ತಿತ್ತು. ಇದನ್ನು ಕೊಡಲಿಕ್ಕೆ ಹೊರಟಿದ್ದೇನಲ್ಲ ಎಂದು ನನಗೆ ಅಳುವೇ ಬಂತು. ಅತ್ತೆಯವರು ನೋಡಿಯೂ ನೋಡದಂತೆ ಹಾದಿಯ ಕಡೆ ಮುಖ ಮಾಡಿದ್ದರು.

ಅತ್ತೆಯವರು ಬರುವುದು ಬೇಡ ಎಂದು ನಾನು ಹೇಳಿದ್ದೆ. ಕೇಳಬೇಕಲ್ಲ. ಮನೆ ಬಿಡುವ ಮೊದಲು ದೇವರ ಜಗಲಿಯ ಮೇಲಿನ ಮಾಯಕ್ಕನ ಭಂಡಾರ ತಂದು ಪೈಲ್ವಾನನ ಹಣೆಗೆ ಬಡಿದು, ಬಾಯಿ ತೆರೆದು ಒಂದು ಹಿಡಿ ಒಳಗೂ ಹಾಕಿದರು. "ದವಾಖಾನಿಗೆ ಹೊಂಟೈತಿ, ತಾಯಿ ಕಾಯಲಿ" ಅಂದರು. ಅದು ಸೀನಿ ಅರ್ಧ ಅವರ ಸೀರೆಗೇ ಹಾಕಿತು. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ.

ದವಾಖಾನೆಯಲ್ಲಿ ಎತ್ತು, ಎಮ್ಮೆ, ಒಬ್ಬ ಮುದುಕನ ಮಡಿಲಲ್ಲಿ ಒಂದು ಹುಂಜ. ಪೈಲ್ವಾನನಿಗೆ ಇವರಾರೂ ಬೇಕಾಗಲಿಲ್ಲ, ಸೀದಾ ಬೆಂಚಿನ ಕೆಳಗೆ ನುಗ್ಗಿತು. ಬೆಂಚಿನ ಮೇಲೆ ಅತ್ತೆಯವರು ಕೂತಿದ್ದರು. ಅಷ್ಟರಲ್ಲಿ ಕಂಪೌಂಡರ್ ಬಿಳಿ ಅಂಗಿ ಹಾಕಿಕೊಂಡು ಎದುರಿಗೆ ಬಂದ. ಇದು ಒಳಗಿಂದಲೇ ಎದ್ದು ನಿಂತಿತು, ಬೆಂಚೂ ಎದ್ದಿತು, ಅತ್ತೆಯವರೂ ಎದ್ದರು. "ಅಯ್ಯಯ್ಯ ಹಿಡೀರಿ, ಹೊಂಟೆ ನಾ ಹೊಂಟೆ" ಎಂದು ಅವರು ಕೂಗಿದ್ದಕ್ಕೆ ಎಮ್ಮೆಯವನು ತನ್ನ ಎಮ್ಮೆ ಬಿಟ್ಟು ಬೆಂಚು ಹಿಡಿದ. ಈಗ ಇದನ್ನು ಓದಿ ಹೇಳಿದರೆ ಅತ್ತೆಯವರು, ನಾನು ಕೂಗಲೇ ಇಲ್ಲ, ಆ ಸಾಲು ಹೊಡೆದು ಹಾಕು ಅನ್ನುತ್ತಾರೆ. ಹೊಡೆದು ಹಾಕುವುದಿಲ್ಲ.

ಡಾಕ್ಟರು ಹೆಣ್ಣುಮಗಳು. ಜಿನಮತಿ ಎಂದು ಹೆಸರು, ಅಥಣಿ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಅತ್ತೆಯವರು ನನ್ನ ಕಿವಿಯಲ್ಲಿ, "ಈಕಿ ಇಷ್ಟ ದೊಡ್ಡ ನಾಯಿ ಹ್ಯಾಂಗ ಹಿಡದಾಳು?" ಎಂದು ಕೇಳಿದರು. ಹಿಡಿಯಲೇ ಇಲ್ಲ ಆಕೆ. ನೆಲದ ಮೇಲೆ ಕೂತುಬಿಟ್ಟರು. ಪೈಲ್ವಾನನ ಕಡೆ ನೋಡದೆ ನನ್ನ ಸಂಗಡ ಮಾತಾಡುತ್ತ ಕೂತರು, ಕೈ ಮಾತ್ರ ನೆಲದ ಮೇಲೆ ಚಾಚಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅದು ತಾನೇ ಬೆಂಚಿನ ಕೆಳಗಿಂದ ಮೂತಿ ಹೊರಗೆ ತಂದು ಆ ಕೈ ಮೂಸಿತು. ಆಮೇಲೆ ತಲೆಯನ್ನೇ ಅವರ ಮೊಣಕಾಲಿನ ಮೇಲೆ ಇಟ್ಟಿತು.

ಆದರೆ ತುಟಿ ಎತ್ತಿ ಒಸಡು ನೋಡಿದ ಡಾಕ್ಟರ ಮುಖ ಸಪ್ಪಗಾಯಿತು. ಇನ್ನೊಂದು ಕಡೆ ಎತ್ತಿ ನೋಡಿದರು. "ಬಾಯೆಲ್ಲಾ ಹಳದಿ ಐತೆಲ್ಲರಿ. ಕಾಮಾಲಿ ಆಗಿರಬೇಕು. ಎಷ್ಟ ದಿನಾ ಆತು ಉಣ್ಣೂದ ಬಿಟ್ಟ?" ಎಂದು ಕೇಳಿದರು. ಎರಡು ರೊಟ್ಟಿ ಹೆಚ್ಚಿಗೆ ತಿನ್ನುವ ನಾಯಿಗೆ ಕಾಮಾಲೆ ಹೇಗೆ ಬಂತು, ನಿಮಗೆ ಏನೆಂದು ಬರೆಯಲಿ ಎಂದು ತಿಳಿಯಲಿಲ್ಲ. ಡಾಕ್ಟರು ಅರಳೆಯಿಂದ ಒಸಡು ಒರೆಸಿದರು, ಅರಳೆ ಹಳದಿಯಾಯಿತು, ಒಸಡು ಕೆಂಪಾಯಿತು. ಡಾಕ್ಟರು ಅರಳೆ ಮೂಸಿದರು, ಅತ್ತೆಯವರ ಸೀರೆಯ ಮೇಲಿನ ಹಳದಿ ನೋಡಿದರು. "ಭಂಡಾರ ಹಾಕೀರೇನಬೇ ಆಯಿ ಬಾಯಾಗ?" ಅಂದರು. ಭಂಡಾರ ಅಂದರೆ ಅರಿಷಿಣಪುಡಿ ಎಂದು ಅವರಿಗೆ ಹೇಳಬೇಕಾಗಲಿಲ್ಲ, ಅವರೂ ಈ ಕಡೆಯವರೇ. ಅತ್ತೆಯವರು ಗಂಭೀರವಾಗಿ "ಹೌದ್ರಿ, ಮತ್ತ ಹಾಕದ ಕರಕೊಂಡ ಬರ್ತಾರೇನ್ರಿ?" ಅಂದರು. ಕಂಪೌಂಡರ್ ಹೊರಗೆ ಹೋಗಿ ನಕ್ಕುಬಂದ. ನಾನು ನಗಲೂ ಇಲ್ಲ, ಅಳಲೂ ಇಲ್ಲ, ಗೋಡೆಗೆ ಒರಗಿ ಕೂತೆ.

ಅಲ್ಲಿಂದ ಡಾಕ್ಟರು ಕಣ್ಣು ನೋಡಿದರು, ಎದೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಎಲ್ಲ ಸರಿಯಿದೆ ಅಂದರು. ಕಿವಿ ಹಿಡಿದ ಕೂಡಲೆ ಪೈಲ್ವಾನ ನರಳಿತು. ಬಾಳಾಸಾಬನ ಟವೆಲಿನಿಂದ ಬಾಯಿ ಕಟ್ಟಿ, ಬ್ಯಾಟರಿ ಹಾಕಿ ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ನನಗೆ ಅದರ ಎದುರಿಗೆ ಕೂಡಲು ಹೇಳಿ, ತಾವು ಹಿಂದೆ ಹೋಗಿ ಒಂದು ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬಿಟ್ಟರು. ನಾನೇ ಬೆಚ್ಚಿಬಿದ್ದೆ. ಹೊರಗೆ ಹುಂಜ ಕೂಗಿತು. ಪೈಲ್ವಾನ ನನ್ನ ಮುಖ ನೋಡುತ್ತ ಕೂತಿತ್ತು, ರೆಪ್ಪೆ ಸಹ ಅಲುಗಲಿಲ್ಲ. ಇನ್ನೊಮ್ಮೆ ಬಿಟ್ಟರು. ಆಗಲೂ ಇಲ್ಲ. "ಇದು ಅಂಜುಬುರಕ ಅಲ್ಲವಾ, ಕಿವುಡು ಆಗೇದ. ಕೇಳಂಗಿಲ್ಲ ಅಂದಮ್ಯಾಲ ಎಲ್ಲಾನೂ ಅದಕ್ಕ ಒಮ್ಮಿಂದೊಮ್ಮೆಲೆ ಕಣ್ಣ ಮುಂದ ಬಂದ ನಿಂದರತಾವು. ನೀವಾದ್ರೂ ಅಂಜತಿದ್ರಿ" ಅಂದರು.

ಅಷ್ಟು ಕೇಳಿದ ಕೂಡಲೆ ನನಗೆ ಎಲ್ಲ ಒಂದೊಂದಾಗಿ ಹೊಳೆಯಿತು. ಹಿಂದಿನಿಂದ ಬಂದ ಕೋಳಿ, ಅಲುಗಾಡಿದ ಸೀರೆ, ಆಟಂಬಾಂಬಿಗೂ ಏಳದ ನಿದ್ದೆ. ತೋಳ ಬಂದದ್ದು ಅದಕ್ಕೆ ಕೇಳಿರಲಿಲ್ಲ. ಕುರಿಗಳು ಕೂಗಿದ್ದೂ ಕೇಳಿರಲಿಲ್ಲ. ವರ್ಷಗಟ್ಟಲೆ ಕಿವಿಯಲ್ಲಿ ತುಂಬಿ ಗಟ್ಟಿಯಾದದ್ದು ಹಾದಿ ಮುಚ್ಚಿದೆ, ಒಳಗೆ ಬಾತು ಕೀವಾಗಿದೆ ಅಂದರು ಡಾಕ್ಟರು. ಔಷಧದ ಹನಿ ಬಿಟ್ಟು, ಮೆತ್ತಗಾಗಲು ಒಂದು ತಾಸು ಕಾಯಿಸಿ, ಚಿಮಟಿಯಿಂದ ಎಳೆದರು. ಬಲಕಿವಿಯಿಂದ ಹುಣಸೆಬೀಜದಷ್ಟು ದೊಡ್ಡದೊಂದು ಗಟ್ಟಿ ಬಂತು. ಎಡಕಿವಿಯಿಂದ ಪುಡಿಪುಡಿಯಾಗಿ ಬಂತು, ಸ್ವಲ್ಪ ರಕ್ತವೂ ಬಂತು. ಏನು ಬಂತು ಎಂದು ಬರೆಯಲು ಹೊರಟೆ, ಅತ್ತೆಯವರು ನನ್ನ ಕೈ ಹಿಡಿದು, "ಉಣ್ಣಿ ಇದ್ದವು, ಕೊಳಿ ಇತ್ತು, ಅಂತ ಬರಿ. ಅಷ್ಟ ಸಾಕು" ಅನ್ನುತ್ತಿದ್ದಾರೆ. ಉಣ್ಣಿ ಇದ್ದವು, ಕೊಳೆ ಇತ್ತು. ಬಲಕಿವಿ ಪೂರ್ತಿ ಕೇಳುತ್ತದಂತೆ. ಎಡಗಡೆಯದ್ದು ಮಾತ್ರ ಈಗಲೇ ಹೇಳಲಿಕ್ಕಾಗದು, ಹದಿನೈದು ದಿನ ಹನಿ ಹಾಕಿ ಮತ್ತೆ ತೋರಿಸಿ ಅಂದಿದ್ದಾರೆ.

ಹೊರಗೆ ಬಂದ ಮೇಲಿನ ಮಜಾ ಕೇಳಿ. ಬಾಳಾಸಾಬ ನಮ್ಮನ್ನು ಕರೆಯಲೆಂದು ಟೆಂಪೊದ ಹಾರ್ನ್ ಒತ್ತಿದ. ಅವನ ಹಾರ್ನ್ ನಿಮಗೆ ಗೊತ್ತಲ್ಲ, ಅರ್ಧ ಹಾಡು ಹಾಡಿ ಮುಗಿಯುತ್ತದೆ. ಪೈಲ್ವಾನ ನಿಂತಲ್ಲೇ ನಿಂತಿತು. ತಲೆ ಒಂದು ಕಡೆ ವಾಲಿಸಿತು. ಆಮೇಲೆ ನನ್ನನ್ನು ಹಗ್ಗದ ಸಮೇತ ಎಳೆದುಕೊಂಡು ಕೋರ್ಟಿನ ಕಂಪೌಂಡಿನವರೆಗೆ ಓಡಿತು. ನಾನು ಒಂದು ಚಪ್ಪಲಿ ಅಲ್ಲೇ ಬಿಟ್ಟೆ. ಕರಿಕೋಟಿನ ವಕೀಲರು ದಾರಿ ಬಿಟ್ಟು ನಿಂತರು. ಓಡುತ್ತ ಓಡುತ್ತ ನಾನು ನಗುತ್ತಿದ್ದೆ, ನೋಡಿದವರು ಈಕೆಗೇ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಕೇಳಿತು, ಅದಕ್ಕೆ ಕೇಳಿತು. ನನಗೆ ಅಷ್ಟೇ ಬೇಕಾಗಿತ್ತು.

ಮನೆಗೆ ಬಂದ ಮೇಲೆ ಅದು ಮಲಗಲಿಲ್ಲ. ಕುಂಟು ಆಡಿನ ಕೊರಳಗಂಟೆಯ ಎದುರಿಗೆ ಕೂತು, ಆಡು ಮೆಲುಕು ಹಾಕಿದಾಗಲೆಲ್ಲ ಗಂಟೆ ಅಲುಗಾಡುವುದನ್ನು ಕೇಳುತ್ತ ಕೂತಿತು. ನಾನು ರೊಟ್ಟಿ ಬಡಿದರೆ ಒಳಗೆ ಬಂದು ಇಣುಕಿತು. ಅತ್ತೆಯವರ ಬಳೆ ಸದ್ದಾದರೆ ಬಾಲ ಅಲ್ಲಾಡಿಸಿತು. ಮೂರನೇ ದಿನಕ್ಕೆ ಹಿಂದಿನಿಂದ ಕೋಳಿ ಬಂದರೂ ಜಿಗಿಯಲಿಲ್ಲ, ಬರುವ ಮೊದಲೇ ಬಲಕಿವಿ ಆ ಕಡೆಗೆ ತಿರುಗಿತ್ತು. ಶನಿವಾರ ನಸುಕಿನಲ್ಲಿ, ನಾವು ಇನ್ನೂ ಮಲಗಿದ್ದಾಗ, ಹಿತ್ತಲಿನಲ್ಲಿ ಬೊಗಳಿತು. ಒಂದು ವರ್ಷದ ಮೇಲೆ ಅದು ಬೊಗಳಿದ್ದು ಕೇಳಿದೆ. ಹೋಗಿ ನೋಡಿದರೆ ನೆರೆಮನೆಯ ಬೆಕ್ಕು. ಬೆಕ್ಕಾದರೇನಾಯಿತು? ಅತ್ತೆಯವರು ಹಾಸಿಗೆಯಲ್ಲೇ ಎದ್ದು ಕೂತು ಕೈಮುಗಿದರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಈಗ ನಿಮಗೆ ಸಿಟ್ಟು ತರಿಸುವ ಮಾತು. ನಿನ್ನೆ ರವಿವಾರ ರಾವಸಾಹೇಬರು ತಾವೇ ಜೀಪು ತೆಗೆದುಕೊಂಡು ಬಂದಿದ್ದರು. ಡಾಕ್ಟರ ಚೀಟಿ ಓದಿದರು, ಪೈಲ್ವಾನನ ಸುತ್ತ ಒಂದು ಸುತ್ತು ಬಂದರು, "ಕಿವಿ ಒಂದ ಹ್ವಾದ್ರೂ ಅಡ್ಡಿಯಿಲ್ಲ, ತೋಟಕ್ಕ ಇಂಥಾದ್ದ ಬೇಕು" ಎಂದು ಸರಪಳಿ ತೆಗೆದರು. ನಾನು ಸರಪಳಿಯ ಮುಂದೆ ನಿಂತೆ. ನಾಯಿ ಕೊಡುವುದಿಲ್ಲ ಅಂದೆ. "ನಿನ್ನ ಗಂಡ ಮಾತ ಕೊಟ್ಟಾನವಾ" ಅಂದರು. ಕೊಟ್ಟದ್ದು ಹೇಡಿ ನಾಯಿಯನ್ನು, ಇದು ಹೇಡಿಯಲ್ಲ, ಆ ನಾಯಿ ನಮ್ಮಲ್ಲಿಲ್ಲ ಅಂದೆ. ಎಲ್ಲಿಂದ ಬಂತೋ ಆ ಮಾತು. ಅವರು ನಕ್ಕು, "ಹಂಗಿದ್ರ ಇದರ ಮರಿ ಹುಟ್ಟಿದ್ರ ಒಂದ ಕೊಡ್ರಿ ಮತ್ತ" ಎಂದು ಚಹಾ ಕುಡಿದು ಹೋದರು. ದೊಡ್ಡ ಮನುಷ್ಯರು. ಆದರೂ ನಿಮ್ಮ ಮಾತು ಮುರಿದವಳು ನಾನು. ಬೈಯುವುದಿದ್ದರೆ ನನಗೇ ಬೈಯಿರಿ, ಅತ್ತೆಯವರು ಅಡ್ಡ ಬರಲಿಲ್ಲ ಅಷ್ಟೇ.

ಬರುವ ರವಿವಾರ ಎಳ್ಳಮಾವಾಸ್ಯೆ. ಬಾಳಾಸಾಬ ಅವತ್ತು ಜಯಸಿಂಗಪುರಕ್ಕೆ ಮಾಲು ಒಯ್ಯುತ್ತಾನಂತೆ, ದಾರಿಯಲ್ಲೇ ಕಾಕಾಸಾಹೇಬರ ಹೊಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ನಿಮಗೆ ಸೇರುವ ಪುಂಡಿಪಲ್ಯ ಎಲ್ಲ ಕಟ್ಟಿಕೊಂಡು ಬರುತ್ತೇನೆ. ಪೈಲ್ವಾನನನ್ನೂ ಕರೆತರುತ್ತೇನೆ. ಇಟ್ಟುಕೊಳ್ಳುವುದು, ವಾಪಸು ಕಳಿಸುವುದು ನಿಮಗೆ ಬಿಟ್ಟದ್ದು. ಅತ್ತೆಯವರ ಆಶೀರ್ವಾದ, ಮಾಯಕ್ಕ ನಿಮ್ಮ ಹಿಂಡಿನ ಹಿಂದೆ ಮುಂದೆ ಇರಲಿ ಅನ್ನುತ್ತಾರೆ. ಸತ್ಯಪ್ಪನಿಗೆ ನನ್ನ ನೆನಪು ಹೇಳಿ. ಕಾಕಾಸಾಹೇಬರ ಮನೆಯವರಿಗೂ ನಮಸ್ಕಾರ ತಿಳಿಸಿ, ಬಿಸಿನೀರಿನ ಮಾತು ತಿಳಿಸಬೇಡಿ.

ನಿಮ್ಮ,
ತಾರವ್ವ

ತಾ. ಕ.: ಅತ್ತೆಯವರು ಆಡಿಗೆ ಸೊಪ್ಪು ತರಲು ಹೋಗಿದ್ದಾರೆ, ಟಪಾಲಿನವನು ಬರುವ ಹೊತ್ತೂ ಆಯಿತು. ಅವಸರದಲ್ಲಿ ಬರೆಯುತ್ತೇನೆ. ಉಣ್ಣಿ ಇರಲಿಲ್ಲ. ಒಂದೂ ಇರಲಿಲ್ಲ. ಕಿವಿಯಿಂದ ಬಂದ ಗಟ್ಟಿ ಹಳದಿಯಾಗಿತ್ತು. ಡಾಕ್ಟರು ಅದನ್ನು ಕಾಗದದ ಮೇಲಿಟ್ಟು ಒಡೆದು ತೋರಿಸಿದರು, ಒಳಗೆಲ್ಲ ಭಂಡಾರ. "ಇದನ್ನ ಕಿವ್ಯಾಗೂ ಹಾಕ್ತೀರೇನ್ರಿ?" ಎಂದು ಕೇಳಿದಾಗ ಅತ್ತೆಯವರು ಮೊದಲು ಹೆಮ್ಮೆಯಿಂದಲೇ, "ಹೂಂನ್ರಿ, ಅಮಾಸಿಗೊಮ್ಮಿ. ನನ್ನ ಮಗಾ ತಪ್ಪಸೂದಿಲ್ಲ" ಅಂದರು. ಅನ್ನುತ್ತಿದ್ದ ಹಾಗೆಯೇ ಅವರಿಗೆ ತಿಳಿಯಿತು. ಬರುವಾಗ ದಾರಿಯುದ್ದಕ್ಕೂ, "ನಾವ ಕಿವಿ ಮುಚ್ಚಿ, ನಾವ ಬೈದ್ವಲ್ಲ ತಾರಾ. ಅವಗ ಬರೀಬ್ಯಾಡ ಬೇ, ಅಂವಾ ಎರಡ ದಿನಾ ಉಣ್ಣಂಗಿಲ್ಲ" ಅನ್ನುತ್ತಿದ್ದರು. ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಈ ವಾರ ನಾನು ಮುರಿದ ಎರಡನೇ ಮಾತು ಇದು.

ಕುರಿಗಳಿಗೆ ಹಣೆಗಷ್ಟೇ ಹಚ್ಚುತ್ತಿದ್ದಿರಿ. ಉಳಿದದ್ದನ್ನು ಔಡಲೆಣ್ಣೆಯಲ್ಲಿ ಕಲಸಿ, ದೃಷ್ಟಿ ತಾಗದಿರಲಿ, ಹುಳ ಹೋಗದಿರಲಿ ಎಂದು ಇದೊಂದರ ಕಿವಿಗೆ ಬಿಡುತ್ತಿದ್ದಿರಿ, ಯಾಕೆಂದರೆ ಇದರ ಮೇಲೆ ನಿಮಗೆ ಅಷ್ಟು ಜೀವ. ನೀವೊಬ್ಬರೇ ಅಂದುಕೊಳ್ಳಬೇಡಿ. ಅಲುಗಾಡದ ಹಾಗೆ ಅದರ ತಲೆ ಹಿಡಿದುಕೊಳ್ಳುತ್ತಿದ್ದವಳು ನಾನು. ಈ ಅಮಾವಾಸ್ಯೆಗೆ ಹಣೆಗೆ ಎಷ್ಟು ಬೇಕಾದರೂ ಹಚ್ಚಿ, ಕಿವಿಗೆ ಬೇಡ. ಊಟ ಬಿಡಬೇಡಿ, ನಾನು ಹೋಳಿಗೆ ತರುವುದು ನಿಮ್ಮ ಸಪ್ಪೆ ಮುಖ ನೋಡಲಿಕ್ಕಲ್ಲ.

ಟಪಾಲಿನವನ ಸೈಕಲ್ಲಿನ ಗಂಟೆ ಕೇಳುತ್ತಿದೆ. ಪೈಲ್ವಾನನಿಗೂ ಕೇಳಿತು, ಎದ್ದು ನಿಂತಿದೆ. ರವಿವಾರ ಟೆಂಪೊ ರಸ್ತೆಯ ಮೇಲೆ ನಿಲ್ಲುತ್ತದೆ, ನೀವು ಹೊಲದಲ್ಲೇ ಇರಿ, ಎದುರಿಗೆ ಬರಬೇಡಿ. ನಾನು ಹಗ್ಗ ಬಿಚ್ಚಿ ಅದರ ಬೆನ್ನು ನಿಮ್ಮ ಕಡೆ ಮಾಡಿ ನಿಲ್ಲಿಸುತ್ತೇನೆ. ಅವತ್ತು ಅಗಸಿಯಲ್ಲಿ ನೀವು ಮೂರು ಸಲ ಕರೆದಿರಿ, ಅದಕ್ಕೆ ಒಂದೂ ಕೇಳಿರಲಿಲ್ಲ. ಇನ್ನೊಂದು ಸಲ ಕರೆಯಿರಿ.